ಒಂದೇ ಅಳತೆ ಮಾಸ್ಟರು ಮತ್ತು ಮೇಜಿನಡಿಯ ಮೂರು ಡಬ್ಬಿ

ಟೈಲರ್ ಅಂಗಡಿಯ ಬೋರ್ಡಿನಲ್ಲಿ ಮಾಸ್ಟರ ಹೆಸರು ಸಣ್ಣಕ್ಷರದಲ್ಲಿತ್ತು, ಅವರ ಜಂಬ ದೊಡ್ಡಕ್ಷರದಲ್ಲಿತ್ತು: 'ಒಮ್ಮೆ ಅಳತೆ ಕೊಡಿ, ಜೀವಮಾನಕ್ಕೆ ಸಾಕು.' ಬರೆಸಿ ಇಪ್ಪತ್ತಾರು ವರ್ಷವಾಗಿತ್ತು. ಬಣ್ಣ ಮಾಸಿತ್ತು, ಜಂಬ ಮಾಸಿರಲಿಲ್ಲ. ಒಂದು ಸಲ ಟೇಪು ಸುತ್ತಿದ ಗಿರಾಕಿಗೆ ಮಾಸ್ಟರು ಇನ್ನೊಂದು ಸಲ ಟೇಪು ಸುತ್ತಿದವರೇ ಅಲ್ಲ. ಕಡ್ಡಿಯಂತೆ ಬಂದಿದ್ದವನು ಹತ್ತು ವರ್ಷ ಬಿಟ್ಟು ಪೀಪಾಯಿಯಾಗಿ ಬಂದರೂ, "ಬಟ್ಟೆ ಇಟ್ಟು ಹೋಗಿ, ನಿಮ್ಮ ಅಳತೆ ನನ್ನ ಹತ್ರ ಇದೆ" ಅನ್ನುವುದು. ಹೊಲಿದು ಕೊಟ್ಟ ಮೇಲೆ ನೋಡಿದರೆ, ಸೋಜಿಗ, ಕೋಟು ಹೇಳಿ ಮಾಡಿಸಿದ ಹಾಗೆ ಮೈಮೇಲೆ ಕೂತಿರುತ್ತಿತ್ತು. "ಹೇಗೆ ಮಾಸ್ಟ್ರೇ?" ಅಂತ ಕೇಳಿದರೆ ಬಲಗೈ ಎತ್ತಿ ತೋರಿಸಿ, "ಕೈ ಸ್ವಾಮಿ, ಕೈ" ಅನ್ನುತ್ತಿದ್ದರು. ಬೀದಿಯವರೆಲ್ಲ ಅವರನ್ನು ಒಂದೇ ಅಳತೆ ಮಾಸ್ಟರು ಅಂತಲೇ ಕರೆಯುತ್ತಿದ್ದರು.

ಅಂಗಡಿಯ ಮುಂಭಾಗದಲ್ಲಿ ಉದ್ದನೆಯ ಕಟಿಂಗ್ ಮೇಜು, ಅದು ಮಾಸ್ಟರ ರಾಜ್ಯ. ಹಿಂದುಗಡೆ ಒಂದು ಪರದೆ. ಪರದೆಯಾಚೆ ಹೊಲಿಗೆ ಮಿಷನ್ನು, ಇಸ್ತ್ರಿಪೆಟ್ಟಿಗೆ, ಗುಂಡಿಗಳ ಡಬ್ಬ, ಮತ್ತು ಮಾಸ್ಟರ ಹೆಂಡತಿ. ಆಕೆಯನ್ನು ಗಿರಾಕಿಗಳೆಲ್ಲ ಅಕ್ಕ ಅನ್ನುತ್ತಿದ್ದರು, ನಾವೂ ಹಾಗೇ ಅನ್ನೋಣ. "ಕತ್ತರಿಸೋದು ನಾನು. ಅವಳದು ಬರೀ ಹೊಲಿಗೆ" ಅಂತ ಮಾಸ್ಟರು ಬಂದವರಿಗೆಲ್ಲ ಹೇಳುವರು. ಪರದೆಯಾಚೆ ಆಗ ಮಿಷನ್ನಿನ ಸದ್ದು ಒಂದು ಗಳಿಗೆ ನಿಂತು, ಮತ್ತೆ ಶುರುವಾಗುತ್ತಿತ್ತು.

ಹೋದ ವರ್ಷ ಹತ್ತೊಂಬತ್ತು ಅಳತೆ ಪುಸ್ತಕಗಳಿಗೂ ಹುಳ ಬಿತ್ತು. ಸೊಂಟ ಇದ್ದ ಕಡೆ ತೂತು, ಎದೆ ಇದ್ದ ಕಡೆ ಪುಡಿ. ಪೂರ್ತಿ ಹೋಗುವ ಮೊದಲು ಅಕ್ಕ ಕೂತು ಒಂದೊಂದೇ ಪುಟವನ್ನು ಕಂಪ್ಯೂಟರಿಗೆ ಏರಿಸಿದಳು. ಅದಕ್ಕೆ ಏರ್ಪಾಡು ಮಾಡಿಕೊಟ್ಟವನು ಅವಳ ತಮ್ಮ, ಅಂದರೆ ಮಾಸ್ಟರ ಭಾಮೈದ. ಅವನ ಆಫೀಸಿನವರು ಬಿಸಾಡಿದ್ದ ಮೂರು ಹಳೇ ಲ್ಯಾಪ್‌ಟಾಪು ತಂದು, ಕಟಿಂಗ್ ಮೇಜಿನಡಿ ಸಾಲಾಗಿ ಇಟ್ಟು, ತಂತಿ ಎಳೆದ.

"ಇದಕ್ಕೆ ಕ್ಲಸ್ಟರ್ ಅಂತಾರೆ ಭಾವ. ಮೂರೂ ಸೇರಿ ಒಂದೇ ಕಂಪ್ಯೂಟರ್ ಇದ್ದ ಹಾಗೆ. ಅಳತೆ ಪುಸ್ತಕ ತೋರಿಸೋ ಪ್ರೋಗ್ರಾಮನ್ನ ಒಂದು ಡಬ್ಬಿಗೆ ಹಾಕಿ, ಅಂಥ ಮೂರು ಡಬ್ಬಿ ಓಡಿಸ್ತಿದೀನಿ. ಒಂದು ಸತ್ರೆ ಅದರ ಜಾಗಕ್ಕೆ ಇನ್ನೊಂದು ತಾನಾಗೇ ಹುಟ್ಕೊಳ್ಳುತ್ತೆ."

"ಒಂದು ಪುಸ್ತಕಕ್ಕೆ ಮೂರು ಡಬ್ಬಿ ಯಾಕಯ್ಯಾ?"

"ಇರಲಿ ಅಂತ ಭಾವ."

"ಇರಲಿ ಅಂತ! ಮೂಗಿಗಿಂತ ಮೂಗುತಿ ಭಾರ" ಅಂದರು ಮಾಸ್ಟರು. ಬಟ್ಟೆಯಲ್ಲಿ ಅಂಗೈಯಗಲ ತುಂಡು ಪೋಲಾದರೂ ಊಟ ಸೇರದ ಮನುಷ್ಯ ಅವರು. ಈ ಮೂರರ ಮೇಲೆ ಅವತ್ತಿನಿಂದಲೇ ಅವರ ಕಣ್ಣಿತ್ತು.

ಆ ಡಬ್ಬಿಗಳ ಜೊತೆ ಮಾತಾಡುವುದಕ್ಕೆ ಕಂಪ್ಯೂಟರಿನಲ್ಲಿ ಒಂದು ಕಪ್ಪು ಪರದೆ. ಅದರ ಮೇಲೆ ಕ್ಯೂಬ್‌ಕಂಟ್ರೋಲ್ ಅಂತ ಬರೆದು, ಮುಂದೆ ಅಪ್ಪಣೆ ಬರೆದರೆ ಅದು ಮಾಡುತ್ತದೆ. ಪಟ್ಟಿ ಕೊಡು ಅಂದರೆ ಕೊಡುತ್ತದೆ, ಅಳಿಸು ಅಂದರೆ ಹಿಂದೆ ಮುಂದೆ ನೋಡದೆ ಅಳಿಸುತ್ತದೆ. ಭಾಮೈದ ಹೋಗುವಾಗ ದಪ್ಪ ಕಾಗದದ ಎರಡು ಹಾಳೆ ಭಾವನ ಕೈಗೆ ಕೊಟ್ಟಿದ್ದ. "ಯಾವ ಡಬ್ಬಿ, ಎಷ್ಟು ಡಬ್ಬಿ, ಒಳಗೆ ಏನು, ಎಲ್ಲ ಇದರಲ್ಲಿ ಬರ್ದಿದೆ. ಎಲ್ಲ ಹಾಳಾದ್ರೂ ಇದನ್ನ ನೋಡಿ ಟೈಪ್ ಮಾಡಿದ್ರೆ ಮತ್ತೆ ಎದ್ದು ಕೂರುತ್ತೆ. ಜೋಪಾನ ಭಾವ." ಮಾಸ್ಟರು ಜೋಪಾನವಾಗಿಯೇ ಇಟ್ಟರು. ಮೇಜಿನ ಡ್ರಾಯರಿನಲ್ಲಿ, ಕಾಲರು, ತೋಳು ಕತ್ತರಿಸುವಾಗ ಬಟ್ಟೆಯ ಮೇಲಿಟ್ಟು ಗೆರೆ ಎಳೆಯುವ ಪೇಪರ್ ಕಟಿಂಗುಗಳ ಮೇಲೆ ಇಟ್ಟರು. ಅಲ್ಲೇ ಆಗಿದ್ದು ಎಡವಟ್ಟು, ಆದರೆ ಅದು ಆಮೇಲಿನ ಮಾತು.

ಅಲ್ಲಿಂದ ಕೆಲಸ ಹೀಗೆ ನಡೆಯಿತು: ಗಿರಾಕಿಯ ಹೆಸರನ್ನು ಮಾಸ್ಟರು ಕೂಗುವರು, ಅಕ್ಕ ಕಂಪ್ಯೂಟರಿನ ಮುಂದೆ ಕೂತು ಅಳತೆ ಓದಿ ಹೇಳುವಳು, ಮಾಸ್ಟರು ಬಟ್ಟೆಯ ಮೇಲೆ ಸೀಮೆಸುಣ್ಣ ಎಳೆಯುವರು. ಆ ಕುರ್ಚಿಯಲ್ಲಿ ಅವರು ಒಂದು ದಿನವೂ ಕೂತವರಲ್ಲ. ಕೂರಲು ಹೋದರೂ ಅಕ್ಕ, "ನೀವು ಏಳ್ರೀ, ಕನ್ನಡಕ ಹುಡುಕೋ ಹೊತ್ತಿಗೆ ನಾನು ಓದಿ ಮುಗಿಸಿರ್ತೀನಿ" ಅಂತ ಎಬ್ಬಿಸಿಬಿಡುತ್ತಿದ್ದಳು.

ಈಗ ಆ ದಿನಕ್ಕೆ ಬರೋಣ. ಅಗ್ನಿಶಾಮಕ ದಳದ ಬ್ಯಾಂಡಿನವರು ಹದಿನೆಂಟು ಕೋಟು ಹೊಲಿಯಲು ಕೊಟ್ಟಿದ್ದರು. ಮಾರನೆಯ ಬೆಳಿಗ್ಗೆ ಅವರ ಮೆರವಣಿಗೆ. ಹದಿನೇಳು ಕೆಂಪು ಕೋಟುಗಳು ಗೋಡೆಯ ಮೇಲೆ ತೂಗುತ್ತಿದ್ದವು. ಉಳಿದದ್ದು ಒಂದೇ, ಬ್ಯಾಂಡಿನ ಕ್ಯಾಪ್ಟನ್ನರದು. ಅವರು ಸಂಜೆ ಐದಕ್ಕೆ ಟ್ರಯಲ್‌ಗೆ ಬರುವವರು.

ಈ ಕ್ಯಾಪ್ಟನ್ನರ ಹೊಟ್ಟೆ ಒಂದು ರಾಜರಹಸ್ಯ. ಹನ್ನೆರಡು ವರ್ಷದ ಹಿಂದೆ ಅಳತೆ ಕೊಟ್ಟಾಗಲೇ ಅಂಗಡಿಯ ಬಾಗಿಲು ಹಾಕಿಸಿ, ಕಿಟಕಿಗೆ ಬಟ್ಟೆ ಕಟ್ಟಿಸಿ, "ಮಾಸ್ಟ್ರೇ, ಇದೇ ಮೊದಲು, ಇದೇ ಕೊನೆ. ಇನ್ನೊಂದ್ಸಲ ನನ್ನ ಸೊಂಟಕ್ಕೆ ಟೇಪು ತಂದ್ರೋ, ನಾನೂ ನನ್ನ ಬ್ಯಾಂಡೂ ಎದುರುಗಡೆ ರೆಡಿಮೇಡ್ ಅಂಗಡಿಗೆ ಹೋಗ್ತೀವಿ" ಅಂದಿದ್ದರು. ಎದುರು ಸಾಲಿನಲ್ಲಿ ಆ ರೆಡಿಮೇಡ್ ಅಂಗಡಿಯವನು ದಿನವೂ ಬಾಗಿಲಲ್ಲಿ ನಿಂತು ಹಲ್ಲು ಕಿರಿಯುತ್ತಿದ್ದ. ಬ್ಯಾಂಡು ಹೋದರೆ ಬೋರ್ಡೂ ಹೋದ ಹಾಗೇ. ಒಮ್ಮೆ ಅಳೆದರೆ ಸಾಕು ಅನ್ನುವವನು ಎರಡನೇ ಸಲ ಅಳೆದ ಅಂತ ಬೀದಿಗೆಲ್ಲ ಗೊತ್ತಾದರೆ ತಲೆ ಎತ್ತಿ ಓಡಾಡುವುದು ಹೇಗೆ?

ಬೆಳಿಗ್ಗೆ ಹತ್ತಕ್ಕೆ ಅಕ್ಕ ಹಿತ್ತಾಳೆ ಗುಂಡಿ ತರಲು ಹೊರಟಳು. "ಹನ್ನೊಂದಕ್ಕೆ ಬಂದ್ಬಿಡ್ತೀನಿ. ಬಂದು ಅಳತೆ ಓದ್ತೀನಿ. ಅಲ್ಲೀತನಕ ಕಂಪ್ಯೂಟರ್ ಮುಟ್ಟಬೇಡಿ" ಅಂದಳು.

ಮುಟ್ಟಬೇಡಿ ಅಂದರೆ ಮುಟ್ಟದೆ ಇರುವ ಗಂಡಸು ಯಾವ ಬೀದಿಯಲ್ಲಿದ್ದಾನೆ ಹೇಳಿ? ಹತ್ತೂಕಾಲಕ್ಕೆ ಮಾಸ್ಟರು ಕುರ್ಚಿಯಲ್ಲಿದ್ದರು. ಅಳತೆ ಪುಸ್ತಕದ ಪುಟ ತೆರೆಯಲು ಹೋದರು. ಪುಟ ಬರಲಿಲ್ಲ, ಬರೀ ಒಂದು ಚಕ್ರ ಗಿರಗಿರ ತಿರುಗುತ್ತಿತ್ತು. ಪಕ್ಕದಲ್ಲಿ ಕಪ್ಪು ಪರದೆ ತೆರೆದೇ ಇತ್ತು. ಭಾಮೈದ ಮಾಡುತ್ತಿದ್ದುದನ್ನು ನೋಡಿದ್ದ ನೆನಪಿಗೆ, ಮೇಲಿನ ಬಾಣದ ಗುಂಡಿ ಒತ್ತಿದರು. ಅವನು ಹಿಂದೆ ಬರೆದಿದ್ದ ಅಪ್ಪಣೆಗಳು ಒಂದೊಂದಾಗಿ ಮೇಲೆ ಬಂದವು. ಪಟ್ಟಿ ಕೊಡು ಅನ್ನುವುದು ಬಂದಾಗ ಎಂಟರ್ ಹೊಡೆದರು.

ಮೂರು ಸಾಲು ಬಂತು. ಮೂರೂ ಅಳತೆ ಪುಸ್ತಕವೇ, ಮೂರರ ಮುಂದೂ 'ರನ್ನಿಂಗ್' ಅಂತ ಇತ್ತು. ಬೇರೆ ಇದ್ದದ್ದು ಹೆಸರಿನ ಹಿಂದೆ ಅಂಟಿಕೊಂಡಿದ್ದ ಅರ್ಥವಿಲ್ಲದ ಬಾಲ ಮಾತ್ರ.

"ಓಹೋ!" ಅಂದರು ಮಾಸ್ಟರು. "ಒಬ್ಬ ಕೆಲಸ ಮಾಡೋ ಕಡೆ ಮೂವರು ಓಡಾಡ್ತಿದ್ರೆ ದಾರಿ ಸಿಕ್ಕೋದು ಹೇಗೆ? ತಡ ಆಗದೆ ಇನ್ನೇನಾಗುತ್ತೆ!"

ಹೆಚ್ಚಿದ್ದನ್ನು ಕತ್ತರಿಸುವುದು ಅವರ ಕಸುಬು. ಬಾಣದ ಗುಂಡಿ ಒತ್ತುತ್ತ ಒತ್ತುತ್ತ 'ಅಳಿಸು' ಅನ್ನುವ ಅಪ್ಪಣೆ ಹುಡುಕಿದರು. ಭಾಮೈದನ ಹಳೇ ಹೆಸರು ತೆಗೆದು, ಮೂರನೇ ಸಾಲಿನ ಹೆಸರನ್ನು ಬಾಲದ ಸಮೇತ, ಒಂದೇ ಬೆರಳಲ್ಲಿ, ಒಂದೊಂದೇ ಅಕ್ಷರ ಕುಟ್ಟಿದರು. ಎಂಟರ್. ಅಳಿಸಿದೆ ಅಂತ ಬಂತು. ಮಾಸ್ಟರು ಮೀಸೆ ಸವರಿಕೊಂಡು ಮತ್ತೆ ಪಟ್ಟಿ ಕೇಳಿದರು.

ಮೂರು ಸಾಲು.

ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ನೋಡಿದರು. ಮೂರೇ. ಕೊನೆಯದಕ್ಕೆ ಹೊಸ ಬಾಲ, ವಯಸ್ಸು ಒಂಬತ್ತು ಸೆಕೆಂಡು.

"ಹೋದ್ಯಾ ಪಿಶಾಚಿ ಅಂದ್ರೆ ಬಂದ್ಯಾ ಗವಾಕ್ಷೀಲಿ!" ಅಂತ ಮಾಸ್ಟರು ತೋಳು ಮಡಚಿದರು. ಹೊಸ ಬಾಲ ಕುಟ್ಟಿ ಅದನ್ನೂ ಅಳಿಸಿದರು. ಇನ್ನೊಂದು ಬಂತು. ಈ ಸಲ ಎರಡನ್ನು ಒಟ್ಟಿಗೆ ಅಳಿಸಿದರು, ಎರಡು ಒಟ್ಟಿಗೆ ಬಂದವು. ಒಂದನ್ನು ಅಳಿಸಿ, ಅದು ನೋಡುತ್ತಿಲ್ಲ ಅನ್ನುವ ಹಾಗೆ ಬೇರೆ ಕಡೆ ಮುಖ ಮಾಡಿ ಸ್ವಲ್ಪ ಹೊತ್ತು ಸಿಳ್ಳೆ ಹಾಕಿ, ಥಟ್ಟನೆ ತಿರುಗಿ ಪಟ್ಟಿ ಕೇಳಿದರು. ಮೂರು. ಬೈದರು. ಮೇಜಿನಡಿಗೆ ಬಗ್ಗಿ ಲ್ಯಾಪ್‌ಟಾಪುಗಳಿಗೆ ಗಜಕಡ್ಡಿ ತೋರಿಸಿ ಹೆದರಿಸಿದರು. ಕ್ಲಸ್ಟರಿಗೆ ಮಾತ್ರ ಕೋಪವೂ ಇಲ್ಲ, ತಾಪವೂ ಇಲ್ಲ. ಮೂರು ಇರಬೇಕು ಅಂತ ಅದಕ್ಕೆ ಹೇಳಿದ್ದರು, ಅದು ಮೂರು ಇಡುತ್ತಿತ್ತು. ಹದಿನಾಲ್ಕನೇ ಸಲದ ಹೊತ್ತಿಗೆ ಮಾಸ್ಟರ ತೋರುಬೆರಳು ಊದಿಕೊಂಡಿತ್ತು.

ಆಗ ಬಾಣದ ಗುಂಡಿ ಅವರಿಗೆ ಇನ್ನೊಂದು ಅಪ್ಪಣೆ ತೋರಿಸಿತು. ಭಾಮೈದ ಮೊದಲ ದಿನ, ತಪ್ಪಾಗಿ ಕೂರಿಸಿದ್ದನ್ನು ಬುಡಸಮೇತ ಕೀಳಲು ಬರೆದಿದ್ದು. ಅದರಲ್ಲಿ ಬಾಲವಿಲ್ಲದ, ಬರೀ 'ಅಳತೆ ಪುಸ್ತಕ' ಅನ್ನುವ ಹೆಸರು ಇತ್ತು. ಮೂರಕ್ಕೂ ತಾಯಿಬೇರು ಇದೇ ಅಂತ ಮಾಸ್ಟರಿಗೆ ಹೊಳೆಯಿತು. ಹೊಳೆದದ್ದು ಸರಿಯೇ. ವಿನಾಶಕಾಲಕ್ಕೆ ಬುದ್ಧಿ ಇಷ್ಟು ಚುರುಕಾಗಬಾರದಿತ್ತು. "ಬಾ ಮಗನೆ ಈಗ" ಅಂತ ಎಂಟರ್ ಹೊಡೆದರು. ಪಟ್ಟಿ ಕೇಳಿದರು. ಏನೂ ಇಲ್ಲ ಅಂದಿತು. "ಗೆದ್ದೆ!" ಅಂತ ಎದ್ದು ನಿಂತು, ಹದಿನೇಳು ಕೋಟುಗಳ ಕಡೆ ತಿರುಗಿ ಒಂದು ಸಲ ಕೈ ಬೀಸಿದರು. ಆಮೇಲೆ ಕೂತು ಕ್ಯಾಪ್ಟನ್ನರ ಅಳತೆ ನೋಡಲು ಪುಟ ತೆರೆದರು. ಪುಟವೂ ಇರಲಿಲ್ಲ.

ಅಕ್ಕ ಗುಂಡಿಯ ಪೊಟ್ಟಣ ಹಿಡಿದು ಒಳಗೆ ಬಂದಾಗ ಮಾಸ್ಟರು ತಲೆ ಮೇಲೆ ಕೈ ಹೊತ್ತು ಕೂತಿದ್ದರು.

"ಏನಾಯ್ತ್ರೀ?"

"ಏನೂ ಇಲ್ಲ. ಸ್ವಲ್ಪ ಗುಡಿಸಿದೆ."

"ಏನನ್ನ ಗುಡಿಸಿದ್ರಿ?"

"ಎಲ್ಲಾನೂ."

ಅಕ್ಕ ಕಪ್ಪು ಪರದೆ ನೋಡಿದಳು, ಗಂಡನ ಊದಿದ ಬೆರಳು ನೋಡಿದಳು. ತಮ್ಮನಿಗೆ ಫೋನ್ ಹಚ್ಚಿದಳು.

ಭಾಮೈದ ಹಲ್ಲಿನ ಡಾಕ್ಟರ ಹತ್ತಿರ ಇದ್ದ. ಆಗತಾನೆ ಬುದ್ಧಿಹಲ್ಲು ಕಿತ್ತಿದ್ದರು. ಬಾಯಿ ತುಂಬ ಹತ್ತಿ, ಅರ್ಧ ಮುಖಕ್ಕೆ ಜೋಮು. "ಆಂ... ಆಆ ಏಂ ಆಇಇಉಉ?" ಅಂದ.

"ಯಾವ ಭಾಷೇನೋ ಇದು!" ಅಂದರು ಮಾಸ್ಟರು.

"ಭಾವ ಏನು ಮಾಡಿದ್ರು ಅಂತ ಕೇಳ್ತಿದಾನೆ" ಅಂದಳು ಅಕ್ಕ. "ಹಲ್ಲು ಬರೋಕೆ ಮೊದಲಿಂದ ಅವನ ಮಾತು ಕೇಳಿದೋಳು ನಾನು. ಹಲ್ಲು ಹೋದ್ಮೇಲೆ ಅರ್ಥ ಆಗಲ್ವಾ?" ನಡೆದದ್ದನ್ನು ಹೇಳಿದಳು. ಆ ಕಡೆಯಿಂದ ಉದ್ದನೆಯ ಒಂದು 'ಆಆ' ಬಂತು. ಅದನ್ನು ಅವಳು ಅನುವಾದಿಸಲಿಲ್ಲ.

ಮುಂದಿನ ಮಾತು ಅನುವಾದವಾಗಿ ಬಂದದ್ದು ಹೀಗೆ: ಅಳತೆಗಳಿಗೆ ಏನೂ ಆಗಿಲ್ಲ, ಅವು ಬೇರೆ ಡಿಸ್ಕಿನಲ್ಲಿವೆ. ಹೋಗಿರುವುದು ಅವನ್ನು ತೋರಿಸುವ ಡಬ್ಬಿಗಳು. ಕೊಟ್ಟಿದ್ದ ಎರಡು ಹಾಳೆ ನೋಡಿ ಟೈಪ್ ಮಾಡಿ, ಅಪ್ಲೈ ಅನ್ನುವ ಒಂದು ಅಪ್ಪಣೆ ಕೊಟ್ಟರೆ ಐದು ನಿಮಿಷದ ಕೆಲಸ. ನಲವತ್ತು ಸಾಲು, ಬಾಯಿಪಾಠ ಇಲ್ಲ. ಅದರ ಇನ್ನೊಂದು ಪ್ರತಿ ಅವನ ಮನೆಯ ಕಂಪ್ಯೂಟರಿನಲ್ಲಿದೆ, ಮನೆಗೆ ಮೂರು ಗಂಟೆ ದಾರಿ, ಡಾಕ್ಟರು ಇನ್ನೂ ಬಿಟ್ಟಿಲ್ಲ.

"ಹಾಳೆ ಎಲ್ರೀ?" ಅಂತ ಅಕ್ಕ ಡ್ರಾಯರು ಎಳೆದಳು. ಮಾಸ್ಟರ ಕಣ್ಣು ನಿಧಾನವಾಗಿ ಗೋಡೆಯ ಮೊಳೆಯ ಕಡೆ ಹೋಯಿತು. ಅಲ್ಲಿ ಬ್ಯಾಂಡಿನ ಕೋಟಿನ ಪೇಪರ್ ಕಟಿಂಗುಗಳು ನೇತಾಡುತ್ತಿದ್ದವು. ಕಾಲರಿನದು ಒಂದು, ಭುಜದ ಪಟ್ಟಿಯದು ಒಂದು, ಜೇಬಿನ ಮುಚ್ಚಳದ್ದು ಒಂದು. ಮೂರರ ಮೇಲೂ ಇಂಗ್ಲಿಷಿನಲ್ಲಿ ಏನೋ ಅಚ್ಚಾಗಿತ್ತು.

"ಕಾಗದ ದಪ್ಪ ಇತ್ತು ಕಣೆ" ಅಂದರು ಮಾಸ್ಟರು ಸಣ್ಣ ದನಿಯಲ್ಲಿ. "ಅಂಥ ಕಾಗದ ಈಗೆಲ್ಲಿ ಸಿಗುತ್ತೆ? ಕಾಲರು ಎಷ್ಟು ಚೆನ್ನಾಗಿ ಕೂತಿದೆ ನೋಡು ಬೇಕಾದ್ರೆ."

"ಕಾಲರು ಕೂತಿದೆ, ಅಂಗಡಿ ಮಲಗಿದೆ!" ಅಂದಳು ಅಕ್ಕ. "ಜೋಪಾನ ಅಂತ ಹೇಳಿರಲಿಲ್ವಾ ಅವನು?"

"ಪೇಪರ್ ಕಟಿಂಗಿಗಿಂತ ಜೋಪಾನವಾಗಿ ನಾನು ಇನ್ನೇನನ್ನ ಇಟ್ಟಿದೀನಿ ಹೇಳು, ಈ ಜನ್ಮದಲ್ಲಿ?"

ಅದೂ ನಿಜವೇ. ಅಕ್ಕನಿಗೆ ನಗು ಬಂತು, ಗಡಿಯಾರ ನೋಡಿ ನಿಂತೂ ಹೋಯಿತು. ಹನ್ನೆರಡಾಗಿತ್ತು.

ಚಿಂದಿಯ ಮೂಟೆಯನ್ನು ನೆಲದ ಮೇಲೆ ಸುರಿದರು. ಗಂಡ ಹೆಂಡತಿ ಇಬ್ಬರೂ ಮಂಡಿಯೂರಿ, ಕೆಂಪು ಬಟ್ಟೆಯ ಚೂರುಗಳ ನಡುವೆ ಕಾಗದದ ಚೂರು ಹೆಕ್ಕಿದರು. ಎದುರಿನ ರೆಡಿಮೇಡ್ ಅಂಗಡಿಯವನು ರಸ್ತೆ ದಾಟಿ ಬಂದು ಬಾಗಿಲಲ್ಲಿ ಇಣುಕಿ, "ಏನ್ ಮಾಸ್ಟ್ರೇ, ಏನಾದ್ರೂ ಕಳ್ಕೊಂಡ್ರಾ?" ಅಂದ. "ನಿನ್ನ ಮರ್ಯಾದೆ ಬಿದ್ದಿತ್ತು, ಹುಡುಕಿ ಕೊಡೋಣ ಅಂತಿದ್ವಿ" ಅಂದರು ಮಾಸ್ಟರು ನೆಲದಿಂದಲೇ. ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದು ನೋಡಿ.

ಒಂದೂವರೆ ಹೊತ್ತಿಗೆ ಇಪ್ಪತ್ತೆರಡು ಚೂರು ಸಿಕ್ಕಿದವು. ಅಕ್ಕ ಒಂದು ಕ್ಯಾನ್ವಾಸ್ ಬಟ್ಟೆ ಹಾಸಿ, ಕಾಲರು, ಭುಜ, ಜೇಬು, ಚೂರು ಎಲ್ಲವನ್ನೂ ಜೋಡಿಸಿ ಗುಂಡುಪಿನ್ನು ಚುಚ್ಚಿದಳು. ಒಂದು ಕಡೆ ಬೆರಳಗಲ ತೂತು ಉಳಿಯಿತು. ಎಷ್ಟು ಡಬ್ಬಿ ಬೇಕು ಅನ್ನುವ ಅಂಕಿ ಇದ್ದ ಜಾಗ ಅದು. ಫೋನಿನಲ್ಲಿ ಕೇಳಿದರೆ ಭಾಮೈದ "ಊಊ" ಅಂದ.

"ಮೂರಂತೆ" ಅಂದಳು ಅಕ್ಕ, ಗಂಡನ ಮುಖ ನೋಡುತ್ತಾ.

"ಹಾಕು, ಮೂರೇ ಹಾಕು" ಅಂದರು ಮಾಸ್ಟರು. "ಮೂವತ್ತು ಬೇಕಾದ್ರೂ ಹಾಕು. ನಾನೇನೂ ಅನ್ನಲ್ಲ."

ಅಕ್ಕ ನಲವತ್ತು ಸಾಲನ್ನೂ ಟೈಪ್ ಮಾಡಿದಳು. ಅಪ್ಲೈ ಅಂದಳು. ಹದಿನಾಲ್ಕನೇ ಸಾಲು ಸರಿ ಇಲ್ಲ ಅಂತ ಕಪ್ಪು ಪರದೆ ಬೈಯಿತು. ಅಕ್ಷರಕ್ಕೆ ಅಕ್ಷರ ತಾಳೆ ನೋಡಿದರು, ಎಲ್ಲ ಸರಿಯಿತ್ತು. ಮತ್ತೆ ಅಪ್ಲೈ. ಮತ್ತೆ ಬೈಗುಳ. ಎರಡೂವರೆ ಆಯಿತು. ಕ್ಯಾಪ್ಟನ್ನರ ಕೆಂಪು ಬಟ್ಟೆ ಇನ್ನೂ ಮಡಿಕೆ ಬಿಚ್ಚದೆ ಮೇಜಿನ ಮೇಲೆ ಕೂತಿತ್ತು. ಐದಕ್ಕೆ ಟೇಪು ಹಿಡಿದು ಕ್ಯಾಪ್ಟನ್ನರ ಮುಂದೆ ನಿಲ್ಲುವುದನ್ನು ನೆನೆಸಿಕೊಂಡು ಮಾಸ್ಟರು ಆ ಬಟ್ಟೆಯ ಕಡೆ ನೋಡುವುದನ್ನೇ ಬಿಟ್ಟಿದ್ದರು.

ಫೋನಿನಲ್ಲಿ ಭಾಮೈದ ಬಹಳ ಹೊತ್ತು ಏನೇನೋ ಅಂದ. ಅಕ್ಕ ಕೇಳಿ ಹೇಳಿದಳು: "ಅಕ್ಷರ ಸರಿ ಇದ್ರೆ ಸಾಲದಂತೆ. ಪ್ರತಿ ಸಾಲಿನ ಎಡಗಡೆ ಬಿಟ್ಟಿರೋ ಜಾಗ ಇದೆಯಲ್ಲ, ಅದು ಮುಖ್ಯ ಅಂತೆ. ಯಾವ ಸಾಲು ಯಾವುದರ ಒಳಗೆ ಅನ್ನೋದು ಆ ಜಾಗದಿಂದಲೇ ಗೊತ್ತಾಗೋದಂತೆ. ಒಂದೇ ಒಂದು ಖಾಲಿ ಜಾಗ ಆಚೀಚೆ ಆದ್ರೂ ಒಪ್ಪಲ್ವಂತೆ."

ಮಾಸ್ಟರು ಮೆಲ್ಲಗೆ ತಲೆ ಎತ್ತಿದರು. "ಏನಂದೆ? ಅಂಚು ಸರಿ ಇಲ್ಲದಿದ್ರೆ ಒಪ್ಪಲ್ವಂತಾ?"

"ಹೂಂ."

"ಮೊದಲೇ ಹೇಳಬಾರದಾ! ಇದು ಕಂಪ್ಯೂಟರ್ ಕೆಲಸ ಅಲ್ಲ ಕಣೆ, ಇದು ನನ್ನ ಕೆಲಸ!" ಅಂತ ಕೊರಳಿನ ಟೇಪು ಎಳೆದುಕೊಂಡು ಎದ್ದರು.

ಕ್ಯಾನ್ವಾಸಿನ ಮೇಲೆ ಬಗ್ಗಿ ಒಂದು ಕಣ್ಣು ಮುಚ್ಚಿ ನೋಡಿದರು. ನೋಡಿದ ತಕ್ಷಣ ತಪ್ಪು ಸಿಕ್ಕಿತು. ಭುಜದ ಪಟ್ಟಿಯ ಚೂರು ಕಾಲಿಂಚು ಬಲಕ್ಕೆ ಸರಿದು, ಸ್ವಲ್ಪ ವಾರೆಯಾಗಿ ಕೂತಿತ್ತು. ಅಲ್ಲಿಂದ ಕೆಳಗಿನ ಎಲ್ಲ ಸಾಲಿನ ಅಂಚೂ ಹೋಗಿತ್ತು. "ಭುಜ ಇಳಿದಿದೆ. ಭುಜ ಇಳಿದ್ರೆ ಇಡೀ ಕೋಟೇ ಇಳಿಯುತ್ತೆ" ಅಂದರು. ಪಿನ್ನು ಕಿತ್ತು, ಗಜಕಡ್ಡಿ ಇಟ್ಟು, ಸೀಮೆಸುಣ್ಣದಲ್ಲಿ ಮೇಲಿಂದ ಕೆಳಕ್ಕೆ ನೆಟ್ಟಗೆ ಗೆರೆ ಎಳೆದರು. ಚೂರುಗಳನ್ನು ಮತ್ತೆ ಕೂರಿಸಿ, ಒಂದೊಂದು ಸಾಲಿಗೂ ಟೇಪು ಹಿಡಿದು ಕೂಗಿದರು. "ಬರ್ಕೋ! ಹನ್ನೆರಡನೇ ಸಾಲು, ಅರ್ಧ ಇಂಚು. ಹದಿಮೂರು, ಮುಕ್ಕಾಲು. ಹದಿನಾಲ್ಕು, ಮುಕ್ಕಾಲು. ಹದಿನೈದು, ಒಂದು ಇಂಚು!" ಕಾಲಿಂಚಿಗೆ ಎರಡು ಖಾಲಿ ಜಾಗ ಅಂತ ಅಕ್ಕ ಲೆಕ್ಕ ಹಿಡಿದು ತಿದ್ದಿಕೊಂಡು ಹೋದಳು. ಇಪ್ಪತ್ತಾರು ವರ್ಷದಿಂದ ಕೂಗಿದವರು ಅವರು, ಬರೆದುಕೊಂಡವಳು ಅವಳು. ಈ ಕೆಲಸ ಇಬ್ಬರಿಗೂ ಹೊಸದಲ್ಲ.

ಮೂರು ಗಂಟೆಗೆ ಅಕ್ಕ ಅಪ್ಲೈ ಅಂದಳು. ಕಪ್ಪು ಪರದೆ ಈ ಸಲ ಬೈಯಲಿಲ್ಲ. ಮಾಡಿದೆ ಅಂದಿತು. ಪಟ್ಟಿ ಕೇಳಿದರೆ ಒಂದು, ಎರಡು, ಮೂರು, ಹೊಸ ಬಾಲಗಳೊಂದಿಗೆ ಮೂರೂ ಎದ್ದು ಕೂತಿದ್ದವು. ಮಾಸ್ಟರಿಗೆ ಅವುಗಳ ಮೇಲೆ ಪ್ರೀತಿ ಉಕ್ಕಿ ಬಂತು. ಫೋನಿನಲ್ಲಿ ಭಾಮೈದ "ಆಆಆ!" ಅಂತ ಕೂಗಿದ. ಅದಕ್ಕೆ ಅನುವಾದ ಬೇಕಾಗಲಿಲ್ಲ.

"ಸರಿ, ಏಳಿ. ನಾನು ಓದಿ ಹೇಳ್ತೀನಿ" ಅಂದಳು ಅಕ್ಕ, ಎಂದಿಗಿಂತ ಸ್ವಲ್ಪ ಅವಸರದಲ್ಲಿ.

"ಇರು ಮಾರಾಯ್ತಿ. ಇಷ್ಟು ಕಷ್ಟಪಟ್ಟು ಎಬ್ಬಿಸಿದೀನಿ, ಒಂದ್ಸಲ ನಾನೇ ನೋಡ್ತೀನಿ" ಅಂತ ಮಾಸ್ಟರು ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು. ಕನ್ನಡಕ ಮೂಗಿನ ಮೇಲೆಯೇ ಇತ್ತು. ಅಕ್ಕ ಗುಂಡಿಯ ಪೊಟ್ಟಣ ಹಿಡಿದು ಪರದೆಯಾಚೆ ಹೋದಳು.

ಕ್ಯಾಪ್ಟನ್ನರ ಹೆಸರು ತೆರೆಯಿತು. ಸೊಂಟ, ನಲವತ್ತು. ಅದರ ಪಕ್ಕದಲ್ಲಿ ಇನ್ನೊಂದು ಕಾಲಂ. ಅದರ ತಲೆಯ ಮೇಲೆ 'ಈಗಿನದು' ಅಂತ ಇತ್ತು. ಸೊಂಟ, ನಲವತ್ತಾರು.

ಮಾಸ್ಟರು ಕಣ್ಣು ಉಜ್ಜಿಕೊಂಡರು. ಪುಟ ತಿರುಗಿಸಿದರು. ಅಂಚೆಯವನು: ಮಾಸ್ಟರ ಅಳತೆ ಮೂವತ್ತು, ಈಗಿನದು ಮೂವತ್ತೈದು. ಎದುರು ಮನೆ ಮೇಷ್ಟ್ರು: ಮೂವತ್ತಾರು, ಮೂವತ್ತೆರಡು, ಪಕ್ಕದಲ್ಲಿ 'ಕಾಯಿಲೆ ಬಿದ್ದು ಇಳಿದಿದ್ದಾರೆ, ಕೇಳಬಾರದು' ಅಂತ ಒಂದು ಟಿಪ್ಪಣಿ. ಭಾಮೈದನದು, ಪಕ್ಕದ ಬೀದಿಯವರದು, ಕೊನೆಗೆ ಮಾಸ್ಟರದೇ ಪ್ಯಾಂಟಿನದು: ಮೂವತ್ತೆರಡು, ಮೂವತ್ತೊಂಬತ್ತು. ಹತ್ತೊಂಬತ್ತು ಪುಸ್ತಕದ ಒಬ್ಬ ಗಿರಾಕಿಯೂ ಅವರು ಅಳೆದ ಜಾಗದಲ್ಲಿ ನಿಂತಿರಲಿಲ್ಲ.

ಮದುವೆಯಾದ ಹೊಸತರಲ್ಲಿ ಅಕ್ಕ ಹೇಳಿದ್ದ ಮಾತು ಆಗ ನೆನಪಾಯಿತು. 'ಹೊಲಿಗೆಯೊಳಗೆ ಬಟ್ಟೆ ಧಾರಾಳ ಬಿಡ್ರೀ, ಟೈಲರ್ ಬಟ್ಟೆ ಕದ್ದ ಅನ್ನೋ ಮಾತು ನಮಗೆ ಬೇಡ.' ಹೌದಲ್ಲ ಅಂತ ಅವತ್ತಿನಿಂದ ಅವರು ಎಲ್ಲ ಕಡೆ ಒಂದೊಂದಿಂಚು ಧಾರಾಳ ಬಿಟ್ಟು ಕತ್ತರಿಸುತ್ತಾ ಬಂದಿದ್ದರು. ಪರದೆಯಾಚೆ ಆ ಒಂದೊಂದಿಂಚು ಏನಾಗುತ್ತಿತ್ತು ಅಂತ ಇಪ್ಪತ್ತಾರು ವರ್ಷ ಕೇಳಿರಲಿಲ್ಲ. ಗಿರಾಕಿ ಬಟ್ಟೆ ಕೊಡಲು ಬಂದಾಗ ಅಕ್ಕ ಪರದೆಯ ಸಂದಿಯಿಂದ ಒಮ್ಮೆ ನೋಡುವಳು, ಅಷ್ಟೇ. ನೋಡಿ, ಬಿಡಬೇಕಾದ ಕಡೆ ಬಿಟ್ಟು, ಹಿಡಿಯಬೇಕಾದ ಕಡೆ ಹಿಡಿದು ಹೊಲಿಯುವಳು. ಪುಸ್ತಕವನ್ನು ಕಂಪ್ಯೂಟರಿಗೆ ಏರಿಸುವಾಗ ಆ ಕಣ್ಣಳತೆಯನ್ನೂ ಪಕ್ಕದಲ್ಲಿ ಸೇರಿಸಿದ್ದಳು. ಬೋರ್ಡು ಏನು ಹೇಳುತ್ತದೋ ಅದು ನಿಜವಾಗುವಂತೆ ನೋಡಿಕೊಂಡವಳು ಅವಳು. ಬರೀ ಹೊಲಿಗೆ!

ಮಾಸ್ಟರಿಗೆ ನಾಚಿಕೆಯಾಯಿತು. ಕಿವಿ ಬಿಸಿಯಾಗುವಷ್ಟು ನಾಚಿಕೆಯಾಯಿತು. ಹಿತ್ತಲ ಗಿಡ ಮದ್ದಲ್ಲ ಅಂತ ಊರಿಗೆಲ್ಲ ಸಾರಿಕೊಂಡು ತಿರುಗಿದ್ದಾಯಿತು, ಇಷ್ಟು ವರ್ಷ ಕುಡಿದದ್ದು ಆ ಗಿಡದ ಕಷಾಯವನ್ನೇ.

ತಿರುಗಿಸುತ್ತಾ ಕೊನೆಯ ಪುಟಕ್ಕೆ ಬಂದರು. 'ಮನೆಯವಳು.' ಸೊಂಟ, ಇಪ್ಪತ್ತೆಂಟು. ಮದುವೆಯ ವರ್ಷ ಅವರೇ ಅಳೆದದ್ದು. ಪಕ್ಕದ ಕಾಲಂ ಖಾಲಿ.

"ಇದು ಯಾಕೆ ಖಾಲಿ ಇದೆ?" ಅಂದರು ಮಾಸ್ಟರು. ಯಾವುದು ಅಂತ ಅಕ್ಕ ಕೇಳಲಿಲ್ಲ.

"ನನ್ನನ್ನ ಅ‍ಳೆಯೋರು ಯಾರಿದಾರೆ?" ಅಂದಳು ಪರದೆಯಾಚೆಯಿಂದ. ಮಿಷನ್ನು ನಿಂತಿತ್ತು.

ಮಾಸ್ಟರು ಎದ್ದು ಹೋಗಿ ಕೆಂಪು ಬಟ್ಟೆ ಬಿಡಿಸಿ ಹಾಸಿದರು. ಸೀಮೆಸುಣ್ಣ ಹಿಡಿದು, ಪರದೆಗೆ ಕೇಳುವಷ್ಟು ಜೋರಾಗಿ ಕೂಗಿದರು. "ಸೊಂಟ, ನಲವತ್ತಾರು!" ಆಚೆ ಕಡೆಯಿಂದ, "ನಲವತ್ತಾರೂವರೆ ಹಿಡೀರಿ, ಮೊನ್ನೆ ನೋಡಿದೆ" ಅಂತ ಉತ್ತರ ಬಂತು. ಕತ್ತರಿಸಿದರು, ಹೊಲಿದರು. ಅಂಗಡಿಯಲ್ಲಿ ಆ ಎರಡು ಗಂಟೆ ಬರೀ ಕತ್ತರಿಯ ಸದ್ದು, ಮಿಷನ್ನಿನ ಸದ್ದು.

ಐದಕ್ಕೆ ಸರಿಯಾಗಿ ಕ್ಯಾಪ್ಟನ್ನರು ಬಂದರು. ಕೋಟು ಹಾಕಿಕೊಂಡು, ಗುಂಡಿ ಹಾಕಿಕೊಂಡು, ಕನ್ನಡಿಯ ಮುಂದೆ ಎಡಕ್ಕೂ ಬಲಕ್ಕೂ ತಿರುಗಿದರು. ಕಣ್ಣಲ್ಲಿ ನೀರು ಬರುವುದೊಂದು ಬಾಕಿ. "ನೋಡಿದ್ರಾ ಮಾಸ್ಟ್ರೇ! ಹನ್ನೆರಡು ವರ್ಷ, ಒಂದಿಂಚು ಏರಿಲ್ಲ ನಾನು! ನಮ್ಮ ಮನೆಯೋಳು ದಿನಾ ಹೊಟ್ಟೆ ಹೊಟ್ಟೆ ಅಂತ ಸಾಯ್ತಾಳೆ. ಎಲ್ಲಿದೆ ಹೊಟ್ಟೆ?"

"ಎಲ್ಲಿದೆ ಸಾರ್, ಎಲ್ಲೂ ಇಲ್ಲ" ಅಂದರು ಮಾಸ್ಟರು.

"ಏನು ಕೈ ರೀ ನಿಮ್ಮದು!"

ಮಾಸ್ಟರ ಬಲಗೈ ಅಭ್ಯಾಸಬಲದಿಂದ ಅರ್ಧ ಮೇಲೆ ಹೋಗಿತ್ತು. ಅಲ್ಲೇ ನಿಂತಿತು. ಇಳಿಸಿ, ಪರದೆಯ ಕಡೆ ತೋರಿಸಿದರು. "ಕೈ ಅಲ್ಲಿದೆ ಸಾರ್. ನನ್ನದು ಬರೀ ಕತ್ತರಿ."

ಕ್ಯಾಪ್ಟನ್ನರಿಗೆ ಏನೂ ಅರ್ಥವಾಗಲಿಲ್ಲ. ಹದಿನೆಂಟು ಕೋಟನ್ನೂ ಗಾಡಿಗೆ ಹೇರಿಸಿಕೊಂಡು, ರೆಡಿಮೇಡ್ ಅಂಗಡಿಯವನ ಎದುರೇ ಎದೆ ಸೆಟೆಸಿ ಹೋದರು.

ಅಷ್ಟರಲ್ಲಿ ಫೋನು ಬಂತು. ಭಾಮೈದನ ಜೋಮು ಇಳಿದಿತ್ತು. "ಭಾವ, ದಮ್ಮಯ್ಯ, ಇನ್ಮೇಲೆ ಏನೂ ಅಳಿಸಬೇಡಿ. ಏನಾದ್ರೂ ಮೂರು ಇದ್ರೆ ಇರಲಿ ಬಿಡಿ."

"ಅಳಿಸಲ್ಲ ಕಣೋ. ಒಂದು ಖಾಲಿ ಇದೆ, ಅದನ್ನ ತುಂಬ್ತೀನಿ ಅಷ್ಟೇ" ಅಂತ ಮಾಸ್ಟರು ಫೋನು ಇಟ್ಟರು. ಅಂಗಡಿಯ ಬಾಗಿಲು ಅರ್ಧ ಎಳೆದರು. ಕೊರಳಿಂದ ಟೇಪು ತೆಗೆದರು. "ಬಾ ಇಲ್ಲಿ."

"ಯಾಕ್ರೀ?"

"ಬಾ ಅಂದ್ರೆ ಬಾ. ನೆಟ್ಟಗೆ ನಿಂತ್ಕೋ."

ಅಕ್ಕ ಪರದೆ ಸರಿಸಿ ಬಂದು ನಿಂತಳು. ಟೇಪು ಸೊಂಟ ಸುತ್ತುತ್ತಿದ್ದ ಹಾಗೆ ಉಸಿರು ಒಳಗೆಳೆದುಕೊಂಡಳು.

"ಉಸಿರು ಬಿಡು. ನನ್ನ ಹತ್ರ ಸುಳ್ಳು ಅಳತೆ ನಡೆಯಲ್ಲ."

"ಆಹಾ, ಹೇಳ್ತಾರೆ ನೋಡು!" ಅಂದಳು ಅಕ್ಕ. ನಕ್ಕಳು, ಉಸಿರು ಬಿಟ್ಟುಹೋಯಿತು. ಮಾಸ್ಟರು ಅಂಕಿ ಓದಿ ಹೇಳಿದರು.

"ಸಾಧ್ಯವೇ ಇಲ್ಲ. ಟೇಪು ವಾರೆ ಇದೆ. ಇನ್ನೊಂದ್ಸಲ ಅಳೀರಿ."

ಒಂದೇ ಅಳತೆ ಮಾಸ್ಟರು ಹೆಂಡತಿಯನ್ನು ಇನ್ನೊಂದು ಸಲ ಅಳೆದರು. ಆಮೇಲೆ, ಯಾರೂ ಕೇಳದಿದ್ದರೂ, ಮೂರನೇ ಸಲವೂ ಅಳೆದರು.

"ಮೂರು ಸಲ ಯಾಕ್ರೀ?" ಅಂದಳು ಅಕ್ಕ.

"ಇರಲಿ ಅಂತ" ಅಂದರು ಮಾಸ್ಟರು.